ಒಂದು ಚದರಕ್ಕೆ ಆರು ಮೂಟೆ: ಕಾಂಕ್ರೀಟ್ ನೆಲದ ಖರ್ಚಿನ ಲೆಕ್ಕ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಮೈಸೂರಿನ ನಿವೃತ್ತ ಇಂಜಿನಿಯರರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನನಗಿಂತ ಮುಂಚೆ ಮಾತನಾಡಿದ ಹಿರಿಯರು ಸಹಕಾರ ತತ್ವದ ಬಗ್ಗೆ ಬಹಳ ಚೆನ್ನಾಗಿ ಹೇಳಿದರು. ನಾನು ಭಾಷಣಕಾರನಲ್ಲ. ಮೈಸೂರು ನಗರದಲ್ಲಿ ಕಟ್ಟಡದ ಕೆಲಸ ನೋಡಿಕೊಂಡು, ಟೇಪು ಹಿಡಿದು ಅಳೆದು ಅಳೆದೇ ನಿವೃತ್ತನಾದವನು. ಅದಕ್ಕೇ ಕಾರ್ಯದರ್ಶಿಗಳು ನನಗೆ ತತ್ವ ಕೊಡಲಿಲ್ಲ, ನೆಲ ಕೊಟ್ಟರು! ಸಂಘದ ಗೋದಾಮಿಗೆ ಕಾಂಕ್ರೀಟ್ ನೆಲ ಹಾಕಿಸಬೇಕು, ಮೂರು ಕೊಟೇಷನ್ ಬಂದಿವೆ, ಅದನ್ನು ಸದಸ್ಯರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿ ಅಂದರು. ಅದನ್ನೇ ಹೇಳುತ್ತೇನೆ.

ಮೊದಲು ಆ ಮೂರು ಕಾಗದಗಳನ್ನು ನೋಡೋಣ. ಹೆಸರು ಬೇಡ, ಒಂದು, ಎರಡು, ಮೂರು ಅನ್ನೋಣ. ಒಂದನೆಯವರು ಚದರಡಿಗೆ 58 ರೂಪಾಯಿ ಬರೆದಿದ್ದಾರೆ. ಗೋದಾಮು 30 ಅಡಿ ಉದ್ದ, 20 ಅಡಿ ಅಗಲ, ಒಟ್ಟು 600 ಚದರಡಿ. ಅಂದರೆ 34,800 ರೂಪಾಯಿ. ಎರಡನೆಯವರು ಚದರಡಿಗೆ 105, ಒಟ್ಟು 63,000. ಮೂರನೆಯವರು ಚದರಡಿ ಗಿದರಡಿ ಏನೂ ಹೇಳದೆ ಒಟ್ಟು 82,000 ಎಂದು ಬರೆದು ಸೀಲು ಒತ್ತಿದ್ದಾರೆ. ಒಂದೇ ಗೋದಾಮು, ಒಂದೇ ಊರು. ಮೊದಲನೆಯದಕ್ಕೂ ಎರಡನೆಯದಕ್ಕೂ 28,200 ರೂಪಾಯಿ ವ್ಯತ್ಯಾಸ. ಸಹಜವಾಗಿಯೇ ಸಭೆಯಲ್ಲಿ ಬಹುಮಂದಿ ಒಂದನೆಯವರಿಗೇ ಕೊಟ್ಟುಬಿಡೋಣ ಅಂದಿದ್ದಾರೆ. ಸಂಘದ ದುಡ್ಡು ಉಳಿಸಬೇಕೆಂಬ ಅವರ ಕಾಳಜಿ ಸರಿಯಾದದ್ದೇ. ಆದರೆ ಉಳಿಯುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕಿ ನೋಡಬೇಕು.

ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಳ್ಳುವಾಗ ಕಟ್ಟು ಎಷ್ಟು ಅಂತ ಕೇಳಿ ಸುಮ್ಮನಾಗುತ್ತೇವೆಯೇ? ಕಟ್ಟಿಗೆ ಎಷ್ಟು ಎಲೆ ಅಂತಲೂ ಕೇಳುತ್ತೇವೆ. ನೆಲದ ವಿಷಯದಲ್ಲಿ ಮಾತ್ರ ಚದರಡಿಗೆ ಎಷ್ಟು ಅಂತ ಕೇಳಿ ಮನೆಗೆ ಬರುತ್ತೇವೆ. ಚದರಡಿ ಅನ್ನುವುದು ಮೇಲಿನ ಮುಖ ಅಷ್ಟೇ. ನಾವು ಕೊಳ್ಳುತ್ತಿರುವುದು ಮುಖವನ್ನಲ್ಲ, ಗಾತ್ರವನ್ನು. ಕಾಂಕ್ರೀಟಿಗೆ ದಪ್ಪ ಇದೆ. ಒಂದನೆಯವರ ಕಾಗದದಲ್ಲಿ ದಪ್ಪ ಎಷ್ಟು ಅಂತ ಎಲ್ಲೂ ಬರೆದಿಲ್ಲ. ನಾನು ಎರಡು ಸಲ ತಿರುಗಿಸಿ ನೋಡಿದೆ, ಹಿಂದುಗಡೆಯೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಸ್ಲೇಟು ಬಳಪ ಇದ್ದವರು ತೆಗೆದುಕೊಳ್ಳಿ, ಇಲ್ಲದವರು ಮೊಬೈಲು ತೆಗೆಯಿರಿ.

ಗೊಬ್ಬರದ ಮೂಟೆ, ರಾಗಿ ಮೂಟೆ ಒಟ್ಟುವ ಗೋದಾಮಿಗೆ ನಾಲ್ಕು ಅಂಗುಲ ದಪ್ಪ ಬೇಕು. ನಾಲ್ಕು ಅಂಗುಲ ಎಂದರೆ ಅಡಿಯ ಮೂರನೇ ಒಂದು ಭಾಗ. 600 ಚದರಡಿಯನ್ನು ಮೂರರಿಂದ ಭಾಗಿಸಿ. 200 ಘನ ಅಡಿ. ಇದು ಹಾಕಿ, ಕುಟ್ಟಿ, ಗಟ್ಟಿಯಾದ ಮೇಲೆ ಉಳಿಯುವ ಕಾಂಕ್ರೀಟು. ಆದರೆ ಸಿಮೆಂಟು, ಮರಳು, ಜಲ್ಲಿಯನ್ನು ಒಣಗಿದ್ದಾಗ ಅಳೆದರೆ ಹೆಚ್ಚು ಬೇಕು. ಯಾಕೆಂದರೆ ಜಲ್ಲಿಯ ಸಂದಿಯಲ್ಲಿ ಮರಳು ಕೂರುತ್ತದೆ, ಮರಳಿನ ಸಂದಿಯಲ್ಲಿ ಸಿಮೆಂಟು ಕೂರುತ್ತದೆ. ಒಂದು ಸೇರು ಕಡಲೆಕಾಯಿ ಮೇಲೆ ಅರ್ಧ ಸೇರು ರಾಗಿ ಸುರಿದು ಕುಲುಕಿದರೆ ಒಂದೂವರೆ ಸೇರು ಆಗುವುದಿಲ್ಲವಲ್ಲ, ಹಾಗೆ. ಅದಕ್ಕಾಗಿ ನಾವು 1.54ರಿಂದ ಗುಣಿಸುತ್ತೇವೆ. 200ಕ್ಕೆ 308 ಘನ ಅಡಿ ಒಣ ಸಾಮಾನು.

ಮಿಶ್ರಣ ಒಂದಕ್ಕೆ ಎರಡಕ್ಕೆ ನಾಲ್ಕು, ಅಂದರೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಒಟ್ಟು ಏಳು ಪಾಲು. 308ನ್ನು ಏಳರಿಂದ ಭಾಗಿಸಿದರೆ 44. ಆದ್ದರಿಂದ ಸಿಮೆಂಟು 44 ಘನ ಅಡಿ, ಮರಳು 88, ಜಲ್ಲಿ 176. ಐವತ್ತು ಕೆ.ಜಿ. ಸಿಮೆಂಟು ಮೂಟೆ ಒಂದೂಕಾಲು ಘನ ಅಡಿ ಅಂತ ನಮ್ಮ ವಾಡಿಕೆ. 44ನ್ನು ಒಂದೂಕಾಲರಿಂದ ಭಾಗಿಸಿದರೆ ಮೂವತ್ತೈದು ಚಿಲ್ಲರೆ. 36 ಮೂಟೆ ಎಂದಿಟ್ಟುಕೊಳ್ಳಿ.

ಈಗ ಒಂದು ಸುಲಭದ ಮಾತು. 600 ಚದರಡಿ ಎಂದರೆ ಆರು ಚದರ. 36 ಮೂಟೆಯನ್ನು ಆರಕ್ಕೆ ಹಂಚಿ. ಒಂದು ಚದರಕ್ಕೆ, ನಾಲ್ಕು ಅಂಗುಲ ದಪ್ಪಕ್ಕೆ, ಆರು ಮೂಟೆ. ಇದನ್ನು ಮಾತ್ರ ಇವತ್ತು ಎಲ್ಲರೂ ಗಂಟು ಹಾಕಿಕೊಂಡು ಹೋಗಬೇಕು. ಮೂರು ಅಂಗುಲವಾದರೆ ನಾಲ್ಕೂವರೆ ಮೂಟೆ. ಇನ್ನೂ ಗಟ್ಟಿ ಬೇಕು, ಎಂ 20 ಬೇಕು ಅಂದರೆ ಒಂದಕ್ಕೆ ಒಂದೂವರೆಗೆ ಮೂರು. ಅಲ್ಲಿ ನಾಲ್ಕು ಅಂಗುಲಕ್ಕೆ ಚದರಕ್ಕೆ ಏಳೂವರೆ ಮೂಟೆ. ಮನೆಯಲ್ಲಿ 10ಕ್ಕೆ 12 ಅಡಿ ಕೋಣೆಗೆ ಮೂರು ಅಂಗುಲ ಹಾಕಿಸುವ ತಾಯಂದಿರು ಇದ್ದರೆ, ಅದು ಒಂದೂಕಾಲು ಚದರಕ್ಕೆ ಸ್ವಲ್ಪ ಕಡಿಮೆ, ಐದೂವರೆ ಮೂಟೆ ಬೇಕು. ಮೇಸ್ತ್ರಿ ಎಂಟು ಮೂಟೆ ತರಿಸಿ ಅಂದರೆ ಉಳಿದದ್ದು ಎಲ್ಲಿ ಹೋಗುತ್ತದೆ ಅಂತ ಕೇಳಿ. ಮೂರೇ ಸಾಕು ಅಂದರೆ ಇನ್ನೂ ಜೋರಾಗಿ ಕೇಳಿ.

ಪೋಲಾಗುವುದು, ಚೆಲ್ಲುವುದು ಎಂದು ನೂರಕ್ಕೆ ಐದು ಸೇರಿಸೋಣ. ಸಿಮೆಂಟು 38 ಮೂಟೆ, ಮರಳು 92 ಘನ ಅಡಿ, ಜಲ್ಲಿ 185 ಘನ ಅಡಿ. ಕಾರ್ಯದರ್ಶಿಗಳು ಕೊಟೇಷನ್ ತರಿಸಿದ ವಾರವೇ ಮೈಸೂರಿನಲ್ಲಿ ವಿಚಾರಿಸಿ ತಂದ ದರವನ್ನು ದುಂಡಗೆ ಮಾಡಿ ಹಿಡಿದಿದ್ದೇನೆ. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ದರ ಬದಲಾಗಿರುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಸಿಮೆಂಟು ಮೂಟೆಗೆ 400 ರೂಪಾಯಿ, 38 ಮೂಟೆಗೆ 15,200. ಎಂ ಸ್ಯಾಂಡ್ ಘನ ಅಡಿಗೆ 60 ರೂಪಾಯಿ, 5,520. ಜಲ್ಲಿ ಘನ ಅಡಿಗೆ 45 ರೂಪಾಯಿ, 8,325. ಸಾಮಾನು ಒಟ್ಟು 29,045. ಇಷ್ಟು ಕೆಲಸ ಮಿಕ್ಸರ್ ಇಟ್ಟು ಒಂದು ದಿನದಲ್ಲಿ ಮುಗಿಯುತ್ತದೆ. ಇಬ್ಬರು ಗಾರೆಯವರಿಗೆ 2,000, ಎಂಟು ಆಳಿಗೆ 5,600, ಮಿಕ್ಸರ್ ಬಾಡಿಗೆ, ಡೀಸೆಲ್ 2,500. ಕೂಲಿ 10,100. ಎರಡೂ ಸೇರಿ 39,145. ಚದರಡಿಗೆ 65 ರೂಪಾಯಿ ಚಿಲ್ಲರೆ.

ಇಲ್ಲಿ ಸ್ವಲ್ಪ ನಿಲ್ಲಿ. ಇದರಲ್ಲಿ ಕಂಟ್ರಾಕ್ಟರಿಗೆ ಒಂದು ಪೈಸೆ ಲಾಭ ಹಾಕಿಲ್ಲ. ನೆಲದ ಕೆಳಗಿನ ಕೆಲಸ ಹಾಕಿಲ್ಲ. ಬರೀ ನಾಲ್ಕು ಅಂಗುಲ ಕಾಂಕ್ರೀಟಿಗೇ 65 ಆಗುವಾಗ 58ಕ್ಕೆ ಹೇಗೆ ಮಾಡುತ್ತಾರೆ? ಧರ್ಮಕ್ಕೆ ಮಾಡುತ್ತಾರೆಯೇ? ಮೂರು ಅಂಗುಲಕ್ಕೆ ಲೆಕ್ಕ ಹಾಕಿ ನೋಡಿದೆ. ಸಿಮೆಂಟು 28 ಮೂಟೆ, ಮರಳು 69, ಜಲ್ಲಿ 139 ಘನ ಅಡಿ. ಸಾಮಾನು 21,595. ಕೂಲಿ ಸ್ವಲ್ಪ ಕಡಿಮೆಯಾಗಿ 9,000. ಚದರಡಿಗೆ 51 ರೂಪಾಯಿ. ಮೇಲೆ ಏಳು ರೂಪಾಯಿ ಲಾಭ. ಅಲ್ಲಿಗೆ 58 ಸರಿಹೋಯಿತು ನೋಡಿ.

ಅವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಲಾಭ ಹದವಾಗಿದೆ, ದರ ನ್ಯಾಯವಾಗಿದೆ. ಅವರು ಮೂರು ಅಂಗುಲದ ನೆಲಕ್ಕೆ ಸರಿಯಾದ ಬೆಲೆ ಹೇಳಿದ್ದಾರೆ. ನಾವು ಎಷ್ಟು ದಪ್ಪ ಅಂತ ಕೇಳಲಿಲ್ಲ, ಅವರು ಬರೆಯಲಿಲ್ಲ. ಮುಂದೆ ನೆಲ ಬಿರುಕು ಬಿಟ್ಟಾಗ ನಾವು ಅವರನ್ನು ಬೈಯುತ್ತೇವೆ, ಅವರು ನಮ್ಮ ಮಣ್ಣನ್ನು ಬೈಯುತ್ತಾರೆ.

ಈಗ ಮಣ್ಣಿಗೆ ಬಂದೆವು. ನನ್ನ ಅಭಿಪ್ರಾಯದಲ್ಲಿ ನೆಲದ ಅಂದಾಜಿನಲ್ಲಿ ಅರ್ಧ ಜೀವ ಇರುವುದೇ ಕಾಣದ ಈ ಕೆಳಗಿನ ಭಾಗದಲ್ಲಿ. ಕಾಂಕ್ರೀಟು ಎಷ್ಟೇ ಗಟ್ಟಿಯಿದ್ದರೂ ಕೆಳಗೆ ಪೊಳ್ಳು ಇದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ. ನಮ್ಮ ಕಡೆ ಹೆಚ್ಚಾಗಿ ಕೆಂಪು ಮಣ್ಣು, ಒಳ್ಳೆಯ ಮಣ್ಣು. ಎರೆ ಭೂಮಿಯಾದರೆ ಬೇರೆ ಮಾತು, ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದನ್ನು ತೆಗೆದು ಬೇರೆ ಮಣ್ಣು ತುಂಬಿಸಲೇಬೇಕು. ಮೈಸೂರು ಈಗ ನಾಲ್ಕೂ ದಿಕ್ಕಿಗೆ ಬೆಳೆಯುತ್ತಿದೆ. 2020ರಲ್ಲಿ ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿಗಳಾದವು. ನಗರ ಹೀಗೆ ಹರಡಿದಾಗ ನಿನ್ನೆ ಗದ್ದೆಯಾಗಿದ್ದದ್ದು ಇವತ್ತು ಸೈಟು. ಎಲ್ಲಿಂದಲೋ ಒಡೆದ ಮನೆಯ ಮಣ್ಣು ತಂದು ಸುರಿದು ಮಟ್ಟ ಮಾಡಿರುತ್ತಾರೆ. ಅಂಥ ತುಂಬಿದ ಜಾಗ ಒಂದೆರಡು ಮಳೆಗಾಲ ಕಳೆದರೆ ಕುಸಿಯುತ್ತದೆ, ಮೇಲಿನ ನೆಲವೂ ಕೂಡ. ಆದ್ದರಿಂದ ಗೋದಾಮಿನ ಪಾಯದೊಳಗೆ ಮಣ್ಣು ತುಂಬುವಾಗ ಒಂದೇ ಸಲ ಎರಡಡಿ ಸುರಿಯಬಾರದು. ಅರ್ಧ ಅಡಿ ಸುರಿ, ನೀರು ಬಿಡು, ದಮ್ಮಸ್ಸು ಹೊಡೆ. ಮತ್ತೆ ಅರ್ಧ ಅಡಿ. ಇದಕ್ಕೆ ಹಣ ಅಷ್ಟೇನೂ ಬೇಕಾಗಿಲ್ಲ. ತಾಳ್ಮೆ ಬೇಕು, ಅದನ್ನು ಕೊಟೇಷನ್ನಿನಲ್ಲಿ ಬರೆಯಲು ಆಗುವುದಿಲ್ಲ.

ಅದರ ಮೇಲೆ ಸೋಲಿಂಗ್. ಅರ್ಧ ಅಡಿ ಸೈಜುಗಲ್ಲು ನಿಲ್ಲಿಸಿ ಸಂದಿಗೆ ಚೂರುಕಲ್ಲು, ಗ್ರಾವೆಲ್ ತುಂಬಿ ಕುಟ್ಟುವುದು. 600 ಚದರಡಿಗೆ ಅರ್ಧ ಅಡಿ ಎಂದರೆ 300 ಘನ ಅಡಿ, ನಮ್ಮ ಕಡೆಯ ಲೆಕ್ಕದಲ್ಲಿ ಮೂರು ಯೂನಿಟ್. ಯೂನಿಟ್ಟಿಗೆ 3,500ರಂತೆ 10,500. ಮಣ್ಣು ಕುಟ್ಟುವುದು, ಗ್ರಾವೆಲ್, ಅದರ ಕೂಲಿ ಎಲ್ಲ ಸೇರಿ ಒಂದು 5,000. ಅದರ ಮೇಲೆ ಕಾಂಕ್ರೀಟಿಗೆ ಮುಂಚೆ ದಪ್ಪ ಪಾಲಿಥೀನ್ ಹಾಳೆ ಹಾಸಬೇಕು, ಅಂಚು ಒಂದರ ಮೇಲೊಂದು ಅರ್ಧ ಅಡಿ ಬರಬೇಕು. ಅದಕ್ಕೆ 1,500. ಮನೆಯಾದರೆ ಈ ಹಾಳೆ ಬೇಕೋ ಬೇಡವೋ ಅಂತ ಯೋಚಿಸಬಹುದು. ಗೊಬ್ಬರದ ಗೋದಾಮಿಗೆ ಬೇಕೇಬೇಕು. ಯೂರಿಯಾ ತೇವ ಹೀರಿ ಕಲ್ಲಾಗುವುದನ್ನು ನೀವೆಲ್ಲ ನೋಡಿದ್ದೀರಿ. ನೆಲದಿಂದ ಏರುವ ತೇವ ಕಣ್ಣಿಗೆ ಕಾಣುವುದಿಲ್ಲ, ಕೆಳಸಾಲಿನ ಮೂಟೆ ಎತ್ತಿದಾಗ ಗೊತ್ತಾಗುತ್ತದೆ. ಹಾಳೆ ಹಾಕಿದರೂ ಮೂಟೆಯನ್ನು ಮರದ ಹಲಗೆಯ ಮೇಲೇ ಇಡಿ.

ಕೆಳಗಿನ ಕೆಲಸ ಎಲ್ಲ ಸೇರಿ 17,000. ಮೊದಲಿನ 39,145ಕ್ಕೆ ಕೂಡಿಸಿದರೆ 56,145. ಚದರಡಿಗೆ 93 ರೂಪಾಯಿ ಚಿಲ್ಲರೆ. ಕಂಟ್ರಾಕ್ಟರಿಗೆ ನೂರಕ್ಕೆ ಹತ್ತರಿಂದ ಹದಿನೈದು ಲಾಭ, ಮೇಲುಖರ್ಚು ಅಂತ ಕೊಡುವುದು ಧರ್ಮ. ಹನ್ನೆರಡು ಹಾಕಿದರೆ 105 ಬಂತು. ಅಂದರೆ ಎರಡನೆಯವರ ಕಾಗದ ಸರಿಯಾಗಿದೆ. ಅವರ ಕಾಗದದಲ್ಲಿ ಸೋಲಿಂಗ್, ಹಾಳೆ, ನಾಲ್ಕು ಅಂಗುಲ, ಮಿಶ್ರಣ ಎಲ್ಲ ಬರೆದೂ ಇದೆ. ಒಂದನೆಯವರನ್ನು ಕರೆದು ಇದೇ ಕೆಲಸಕ್ಕೆ ನಿಮ್ಮ ದರ ಬರೆದುಕೊಡಿ ಅನ್ನಿ. ಅವರೂ ನೂರರ ಆಸುಪಾಸಿಗೆ ಬರುತ್ತಾರೆ. ಆಗ ಇಬ್ಬರನ್ನೂ ತೂಗಿ ನೋಡಬಹುದು. ಈಗ ತೂಗುವುದು ಸೇರಿನಲ್ಲಿ ಹಾಲು, ಮೊಳದಲ್ಲಿ ಬಟ್ಟೆ ಅಳೆದು ಎರಡನ್ನೂ ಹೋಲಿಸಿದ ಹಾಗೆ.

ಮೂರನೆಯವರು 82,000 ಯಾಕೆ ಕೇಳಿದ್ದಾರೆ ಅಂದರೆ ಎಂ 20 ಕಾಂಕ್ರೀಟು, ಒಳಗೆ ಕಬ್ಬಿಣದ ಜಾಲರಿ ಹಾಕುತ್ತಾರಂತೆ. ಫೋನಿನಲ್ಲಿ ವಿಚಾರಿಸಿದಾಗ ಹೇಳಿದರು, ಕಾಗದದಲ್ಲಿ ಇಲ್ಲ. ನನ್ನ ಮಾತು ಕೇಳುವುದಾದರೆ, ಮಣ್ಣು ಚೆನ್ನಾಗಿ ಕುಟ್ಟಿ, ನೆಲವನ್ನು ಸರಿಯಾಗಿ ಭಾಗ ಮಾಡಿ ಹಾಕಿದರೆ ಮೂಟೆ ಒಟ್ಟುವ ಗೋದಾಮಿಗೆ ಜಾಲರಿ ಬೇಕಿಲ್ಲ. ಟ್ರ್ಯಾಕ್ಟರ್ ಒಳಗೆ ಬರುವ ಬಾಗಿಲ ಹತ್ತಿರದ ಭಾಗ ಮಾತ್ರ ಆರು ಅಂಗುಲ ಮಾಡಿ, ಅಲ್ಲಿಗೆ ಜಾಲರಿಯೂ ಇರಲಿ. ಬೇಕಾದ ಕಡೆ ಖರ್ಚು ಮಾಡೋಣ.

ಈಗ ಇನ್ನೊಂದು ಸೂಕ್ಷ್ಮ. ಇದುವರೆಗೆ ಹೇಳಿದ್ದೆಲ್ಲ ಕೆಳಗಿನ ತಳ ಕನ್ನಡಿಯ ಹಾಗೆ ಮಟ್ಟವಾಗಿದ್ದರೆ. ಹಾಗೆ ಇರುವುದಿಲ್ಲ. ಸೋಲಿಂಗ್ ಆದ ಮೇಲೆ, ಕಾಂಕ್ರೀಟಿನ ಹಿಂದಿನ ದಿನ, ಟ್ಯೂಬ್ ಲೆವೆಲ್ಲಿನಿಂದ ನಾಲ್ಕೂ ಗೋಡೆಗೆ ಮಟ್ಟದ ಗುರುತು ಹಾಕಿ, ನೂಲು ಎಳೆದು, ನೂಲಿನಿಂದ ಕೆಳಕ್ಕೆ ಒಂಬತ್ತು ಜಾಗದಲ್ಲಿ ಅಳೆಯಿರಿ. ಉದಾಹರಣೆಗೆ ನಾಲ್ಕು, ನಾಲ್ಕೂವರೆ, ನಾಲ್ಕು, ಐದು, ನಾಲ್ಕೂವರೆ, ನಾಲ್ಕು, ಐದು, ಐದು, ನಾಲ್ಕೂವರೆ ಅಂಗುಲ ಬಂತು ಅನ್ನಿ. ಕೂಡಿಸಿದರೆ ನಲವತ್ತೂವರೆ. ಒಂಬತ್ತರಿಂದ ಭಾಗಿಸಿದರೆ ಸರಾಸರಿ ನಾಲ್ಕೂವರೆ. ಅರ್ಧ ಅಂಗುಲ ತಾನೇ, ಏನ್ ಮಹಾ ಅಂತ ಅನ್ನಿಸುತ್ತದೆ. ಆ ಅರ್ಧ ಅಂಗುಲ 600 ಚದರಡಿಗೆ 25 ಘನ ಅಡಿ ಕಾಂಕ್ರೀಟು. ನಾಲ್ಕೂವರೆ ಮೂಟೆ ಸಿಮೆಂಟು, 11 ಘನ ಅಡಿ ಮರಳು, 22 ಘನ ಅಡಿ ಜಲ್ಲಿ. ನಮ್ಮ ದರದಲ್ಲಿ 3,450 ರೂಪಾಯಿ! ಒಬ್ಬ ಆಳು ಅರ್ಧ ದಿನ ಹೆಚ್ಚಿಗೆ ಗ್ರಾವೆಲ್ ಎಳೆದು ಮಟ್ಟ ಮಾಡಿದ್ದರೆ ಇಷ್ಟೂ ಉಳಿಯುತ್ತಿತ್ತು. ಇದೇ ಅರ್ಧ ಅಂಗುಲ ಇನ್ನೊಂದು ಕಡೆಗೂ ಕೆಲಸ ಮಾಡುತ್ತದೆ. ನಾಲ್ಕು ಅಂಗುಲಕ್ಕೆ ಬಿಲ್ಲು, ಮೂರೂವರೆ ಅಂಗುಲ ನೆಲ. ಹಾಕಿ ಮುಗಿದ ಮೇಲೆ ಯಾರು ಅಗೆದು ನೋಡುತ್ತಾರೆ? ಅಳೆಯುವುದಾದರೆ ಹಾಕುವ ಮುಂಚೆಯೇ ಅಳೆಯಬೇಕು.

ದನದ ಕೊಟ್ಟಿಗೆಗೆ ನೆಲ ಹಾಕಿಸುವವರು ಇಲ್ಲಿ ಬಹಳ ಜನ ಇದ್ದೀರಿ, ಡೇರಿಗೆ ಹಾಲು ಹಾಕುವವರು. ಕೊಟ್ಟಿಗೆಗೆ ಇಳಿಜಾರು ಬೇಕು, ಗಂಜಲ ಹರಿದುಹೋಗಲು. ಹತ್ತಡಿಗೆ ಎರಡು ಅಂಗುಲ ಸಾಕು. ಆ ಇಳಿಜಾರನ್ನು ಕಾಂಕ್ರೀಟಿನಲ್ಲಿ ಮಾಡಿದರೆ ಸರಾಸರಿ ಒಂದು ಅಂಗುಲ ಹೆಚ್ಚು ದಪ್ಪ, ಅಂದರೆ ನಾಲ್ಕಕ್ಕೆ ಐದು, ಖರ್ಚು ಕಾಲುಭಾಗ ಜಾಸ್ತಿ. ಇಳಿಜಾರನ್ನು ಮಣ್ಣಿನಲ್ಲೇ ಮಾಡಿಕೊಳ್ಳಿ, ಕಾಂಕ್ರೀಟು ಎಲ್ಲ ಕಡೆ ಒಂದೇ ದಪ್ಪ ಬರಲಿ. ಮತ್ತೆ ಮೇಲುಮುಖ ಕನ್ನಡಿ ಹಾಗೆ ನುಣುಪು ಮಾಡಿಸಬೇಡಿ, ಹಸು ಜಾರಿ ಕಾಲು ಮುರಿದುಕೊಂಡರೆ ಉಳಿಸಿದ ದುಡ್ಡೆಲ್ಲ ಡಾಕ್ಟರಿಗೆ.

ಸಾಮಾನು ಅಳೆಯುವ ವಿಷಯ. ಒಂದು ಕಾಲಕ್ಕೆ ಕಪಿಲೆ, ಕಾವೇರಿ ಹೊಳೆಯ ಮರಳು ಗಾಡಿಯಲ್ಲಿ ಬರುತ್ತಿತ್ತು. ಈಗ ಹೆಚ್ಚಾಗಿ ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್. ಅದು ಸರಿಯಾದ ಎಂ ಸ್ಯಾಂಡೇ ಆಗಿದ್ದರೆ ಒಳ್ಳೆಯದೇ. ಕ್ರಷರಿನ ಬರೀ ಧೂಳನ್ನೂ ಅದೇ ಹೆಸರಿನಲ್ಲಿ ಮಾರುವವರಿದ್ದಾರೆ. ಒಂದು ಹಿಡಿ ತೆಗೆದು ಉಜ್ಜಿ, ಅಂಗೈಗೆ ಹಿಟ್ಟಿನ ಹಾಗೆ ಅಂಟಿದರೆ ವಾಪಸು ಕಳಿಸಿ. ಕ್ರಷರಿನಲ್ಲಿ ಟನ್ನಿನ ಲೆಕ್ಕ, ಇಲ್ಲಿ ಯೂನಿಟ್ಟಿನ ಲೆಕ್ಕ. ಒಂದು ಯೂನಿಟ್, ಅಂದರೆ ನೂರು ಘನ ಅಡಿ ಎಂ ಸ್ಯಾಂಡ್ ಸುಮಾರು ನಾಲ್ಕೂವರೆಯಿಂದ ಐದು ಟನ್ ತೂಗುತ್ತದೆ, ಜಲ್ಲಿ ನಾಲ್ಕರಿಂದ ನಾಲ್ಕೂವರೆ. ತೂಕದ ಚೀಟಿ ಕೇಳಿ. ಲೋಡ್ ಅಂದರೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ. ಟ್ರೈಲರಿನ ಉದ್ದ, ಅಗಲ, ಸಾಮಾನು ನಿಂತ ಎತ್ತರ ಅಳೆದು ಗುಣಿಸಿ. ಹತ್ತಡಿ, ಆರಡಿ, ಒಂದೂವರೆ ಅಡಿ ಬಂದರೆ 90 ಘನ ಅಡಿ. ಯೂನಿಟ್ ಅಂತ ದುಡ್ಡು ಕೊಟ್ಟರೆ ಹತ್ತು ಘನ ಅಡಿ ದಾರಿಯಲ್ಲೇ ಆವಿಯಾಯಿತು.

ಹಸಿ ಮರಳು ಒಣಮರಳಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಉಬ್ಬಿಕೊಂಡಿರುತ್ತದೆ. ನೂರಕ್ಕೆ ಇಪ್ಪತ್ತರ ಮೇಲೂ ಉಬ್ಬಬಹುದು. ನೋಡಬೇಕಾದರೆ ಒಂದು ಡಬ್ಬಕ್ಕೆ ಹಸಿ ಮರಳು ತುಂಬಿ ಮಟ್ಟ ಮಾಡಿ, ಅದನ್ನೇ ತೆಗೆದು ಅರ್ಧ ನೀರಿರುವ ಡಬ್ಬಕ್ಕೆ ಹಾಕಿ ಕಲಕಿ ಬಿಡಿ. ಎಷ್ಟು ಇಳಿಯಿತೋ ಅಷ್ಟು ಗಾಳಿಗೆ ದುಡ್ಡು ಕೊಟ್ಟಿದ್ದೇವೆ ಅಂತ ಲೆಕ್ಕ.

ಜಲ್ಲಿ ದರ ಯಾಕೆ ಹೀಗೆ ಏರಿಳಿಯುತ್ತದೆ ಅಂತ ಒಬ್ಬರು ಕೇಳಿದರು. ಕಲ್ಲು ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ಬಾಡಿಗೆ. ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಡೆಯಕೂಡದು ಅಂತ 2024ರಲ್ಲಿ ಹೈಕೋರ್ಟ್ ತಡೆ ಹಾಕಿತು. ಹತ್ತಿರದ ಕಲ್ಲು ನಿಂತರೆ ದೂರದ್ದು ಬರಬೇಕು, ಲಾರಿ ಬಾಡಿಗೆ ಏರುತ್ತದೆ. ಅದಕ್ಕೆ ಬೇಸರ ಪಡುವ ಹಾಗಿಲ್ಲ. ನಮ್ಮ ಗೋದಾಮಿನ ಜಲ್ಲಿಗಿಂತ ಕಟ್ಟೆ ದೊಡ್ಡದು. ಕಟ್ಟೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ, 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯನ್ನು ಕಟ್ಟಿದ್ದು ಸಿಮೆಂಟಿನಲ್ಲಿ ಅಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲಿ. ಆಗ ನಮ್ಮ ಚೀಫ್ ಇಂಜಿನಿಯರ್ ಆಗಿದ್ದವರು ವಿಶ್ವೇಶ್ವರಯ್ಯನವರು. ಇಲ್ಲೇ ಸಿಗುವ ಸಾಮಾನಿನಲ್ಲಿ ಅಂದಾಜು ಹಾಕುವುದನ್ನು ನಾವೆಲ್ಲ ಕಲಿಯಬೇಕಾದ್ದು ಅಲ್ಲಿಂದ.

ಸಿಮೆಂಟಿನ ತೆರಿಗೆಯ ವಿಷಯ ಒಂದೇ ಮಾತು. ಜಿ.ಎಸ್.ಟಿ. ನೂರಕ್ಕೆ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18 ಆಯಿತು. ಅದಕ್ಕಿಂತ ಹಳೆಯ ಕೊಟೇಷನ್ ಯಾರ ಹತ್ತಿರವಾದರೂ ಇದ್ದರೆ ಅದನ್ನು ಹೊಸದಾಗಿ ಬರೆಸಿ. ದರ ತೆರಿಗೆ ಸೇರಿಯೋ, ತೆರಿಗೆ ಬಿಟ್ಟೋ ಅನ್ನುವುದನ್ನೂ ಬರೆಸಿ.

ಮೈಸೂರಿನಿಂದ ರೆಡಿಮಿಕ್ಸ್ ಲಾರಿ ತರಿಸಬಹುದೇ ಅಂತ ಯುವಕರು ಕೇಳಿದ್ದಾರೆ. ತರಿಸಬಹುದು. ಅವರದು ಘನ ಮೀಟರ್ ಲೆಕ್ಕ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ. ನಮ್ಮ 200 ಘನ ಅಡಿ ಐದೂಮುಕ್ಕಾಲಿಗೆ ಸ್ವಲ್ಪ ಕಡಿಮೆ, ಪೋಲು ಸೇರಿದರೆ ಆರು. ಸಾಮಾನ್ಯವಾಗಿ ಒಂದು ಲಾರಿ ಆರು ಘನ ಮೀಟರ್ ತರುತ್ತದೆ. ಹೇಳಿ ಮಾಡಿಸಿದ ಹಾಗಿದೆ. ಆದರೆ ಕಲಸಿದ ಎರಡು ಗಂಟೆಯೊಳಗೆ ಸುರಿದು ಮುಗಿಯಬೇಕು. ರಿಂಗ್ ರೋಡಿನಲ್ಲಿ ಲಾರಿ ನಿಂತರೆ, ನಮ್ಮ ಊರ ಸಂದಿಯಲ್ಲಿ ತಿರುಗದಿದ್ದರೆ, ಆಳು ಕಡಿಮೆ ಬಿದ್ದರೆ, ಗಂಟೆ ನಮಗಾಗಿ ಕಾಯುವುದಿಲ್ಲ. ತಳದ ಮಟ್ಟ ಅರ್ಧ ಅಂಗುಲ ತಪ್ಪಿದ್ದರೆ ಒಂದು ಮೂಲೆಗೆ ಕಾಂಕ್ರೀಟು ಸಾಲದೆ ಬರುತ್ತದೆ. ಆ ಮೂಲೆಗೆ ಇನ್ನೊಂದು ಲಾರಿ ಕರೆಸುತ್ತೀರಾ? ಈ ಗೋದಾಮಿಗೆ ಮಿಕ್ಸರೇ ಸಾಕು ಅಂತ ನನ್ನ ಮನಸ್ಸು.

ನೀರು. ಇದು ಅಂದಾಜಿನ ಪಟ್ಟಿಯಲ್ಲಿ ಬರುವುದಿಲ್ಲ, ಆದರೆ ಅಂದಾಜನ್ನೆಲ್ಲ ಹಾಳು ಮಾಡುವುದು ಇದೇ. ಈ ಮಿಶ್ರಣಕ್ಕೆ ಮೂಟೆಗೆ 32 ಲೀಟರ್ ಮೇಲೆ ನೀರು ಹಾಕಬಾರದು, ಮರಳಿನಲ್ಲಿರುವ ತೇವವೂ ಅದರಲ್ಲೇ ಸೇರಬೇಕು. ಆಳುಗಳಿಗೆ ನೀರು ಜಾಸ್ತಿಯಾದರೆ ಎಳೆಯಲು ಸುಲಭ, ಅದಕ್ಕೇ ಒಂದು ಬಿಂದಿಗೆ ಜಾಸ್ತಿ ಸುರಿಯುತ್ತಾರೆ. ಆ ಬಿಂದಿಗೆ ನಿಮ್ಮ ಎರಡು ಮೂಟೆ ಸಿಮೆಂಟಿನ ಶಕ್ತಿಯನ್ನು ಕುಡಿದುಬಿಡುತ್ತದೆ. ಮಿಕ್ಸರಿನ ಹತ್ತಿರ ಅಳತೆಯ ಕೊಡ ಇಟ್ಟು ಒಬ್ಬರು ನಿಲ್ಲಿ. ಮರಳು, ಜಲ್ಲಿಗೂ ಬಾಂಡ್ಲಿ ಲೆಕ್ಕ ಬೇಡ, ತುಂಬಿದ ಬಾಂಡ್ಲಿ, ತಲೆತೆಗೆದ ಬಾಂಡ್ಲಿ ಎಲ್ಲ ಒಂದೇ ಅಂತ ಎಣಿಸುತ್ತಾರೆ. ಒಂದಡಿ ಉದ್ದ, ಒಂದಡಿ ಅಗಲ, ಹದಿನೈದು ಅಂಗುಲ ಎತ್ತರದ ಮರದ ಪೆಟ್ಟಿಗೆ ಮಾಡಿಸಿ. ಅದು ಸರಿಯಾಗಿ ಒಂದು ಮೂಟೆಯ ಗಾತ್ರ. ಒಂದು ಮೂಟೆಗೆ ಎರಡು ಪೆಟ್ಟಿಗೆ ಮರಳು, ನಾಲ್ಕು ಪೆಟ್ಟಿಗೆ ಜಲ್ಲಿ.

ನೆಲವನ್ನು ಒಂದೇ ಹಾಸು ಹಾಕಬಾರದು, ಬಿರುಕು ಅದಕ್ಕಿಷ್ಟ ಬಂದ ಕಡೆ ಬರುತ್ತದೆ. ಹತ್ತಡಿಗೆ ಹತ್ತಡಿಯ ಆರು ಭಾಗ ಮಾಡಿ. ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಹಾಕಿ. ಮೊದಲ ದಿನ ಮೂರು, ಅವು ಗಟ್ಟಿಯಾದ ಮೇಲೆ ಇನ್ನು ಮೂರು. ಆಗ ಕೂಲಿ, ಮಿಕ್ಸರ್ ಎರಡು ದಿನಕ್ಕೆ ಹೋಗುತ್ತದೆ, ಆಳು ಕಡಿಮೆ ಮಾಡಿಕೊಳ್ಳಬಹುದು, ಆದರೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ನನ್ನ ದೃಷ್ಟಿಯಲ್ಲಿ ಆ ಖರ್ಚು ಮಾಡಬೇಕಾದ್ದೇ. ಈ ಭಾಗಗಳಿಂದ ಇನ್ನೊಂದು ಉಪಕಾರ ಇದೆ. ಒಂದೊಂದು ಭಾಗವೂ ಸರಿಯಾಗಿ ಒಂದು ಚದರ, ಆರು ಮೂಟೆ. ಮೊದಲ ಭಾಗ ಮುಗಿದಾಗ ಖಾಲಿ ಚೀಲ ಎಣಿಸಿ. ಆರು ಇದ್ದರೆ ಮುಂದುವರಿಸಿ. ನಾಲ್ಕೂವರೆಗೇ ಮುಗಿದಿದ್ದರೆ ದಪ್ಪ ಕಡಿಮೆ ಅಥವಾ ಮಿಶ್ರಣ ತೆಳು, ಅಲ್ಲೇ ಕೆಲಸ ನಿಲ್ಲಿಸಿ ನೋಡಿ. ಎಂಟು ಆಗಿದ್ದರೆ ತಳದಲ್ಲಿ ಗುಂಡಿ ಇದೆ ಅಥವಾ ಮೂಟೆಗೆ ಕಾಲು ಬಂದಿದೆ. ಖಾಲಿ ಚೀಲ ಕಂಟ್ರಾಕ್ಟರಿಗೆ ಅಂತ ಮಾತಾಗಿದ್ದರೂ ಎಣಿಸಿದ ಮೇಲೆ ಕೊಡಿ.

ಮೇಲೆ ಮೆರುಗು ಬರಲಿ ಅಂತ ಹಸಿ ನೆಲಕ್ಕೆ ಒಣ ಸಿಮೆಂಟು ಚಿಮುಕಿಸಿ ಕರಣೆ ಎಳೆಯುತ್ತಾರೆ. ಬೇಡ ಅನ್ನಿ. ಆ ಪದರ ವರ್ಷದೊಳಗೆ ಸಿಪ್ಪೆಯ ಹಾಗೆ ಏಳುತ್ತದೆ. ಮೈಸೂರಿನ ಅಗ್ರಹಾರದ ಹಳೇ ಮನೆಗಳಲ್ಲಿ ಕೆಂಪು ಗಾರೆ ನೆಲ ಇವತ್ತಿಗೂ ಹೊಳೆಯುತ್ತಿದೆಯಲ್ಲ ಅಂತೀರಿ. ಅದಕ್ಕೆ ಬೇರೆ ಕೈ ಬೇಕು, ದಿನಗಟ್ಟಲೆ ಉಜ್ಜಿದ ನೆಲ ಅದು. ಗೋದಾಮಿಗೆ ಅದರ ಗೊಡವೆ ಬೇಡ.

ಕೊನೆಗೆ ನೀರುಣಿಸುವುದು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿ.ಪಿ.ಸಿ. ಸಿಮೆಂಟು, ಬೂದಿ ಸೇರಿದ್ದು. ಅದಕ್ಕೆ ಕಡಿಮೆ ಎಂದರೆ ಹತ್ತು ದಿನ ನೀರು ನಿಲ್ಲಬೇಕು, ಬಿಸಿಲಿನ ಕಾಲದಲ್ಲಿ ಹದಿನಾಲ್ಕು. ಅಂಚಿಗೆ ಮಣ್ಣಿನ ಬದು ಕಟ್ಟಿ ಒಂದು ಅಂಗುಲ ನೀರು ನಿಲ್ಲಿಸಿದರೆ 600 ಚದರಡಿಗೆ ಸುಮಾರು 1,400 ಲೀಟರ್. ಇಂಗಿದಷ್ಟು ಮತ್ತೆ ಬಿಡಬೇಕು. ಟ್ಯಾಂಕರ್ ತರಿಸುವುದಾದರೆ ಅದನ್ನೂ ಅಂದಾಜಿನಲ್ಲಿ ಬರೆಯಿರಿ. ಈ ಕೆಲಸಕ್ಕೆ ಕಂಟ್ರಾಕ್ಟರನ್ನು ನಂಬಿ ಕೂರಬೇಡಿ, ಅವರು ಮೂರನೇ ದಿನ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಸಂಘದ ಸ್ವಸಹಾಯ ಗುಂಪಿನ ತಾಯಂದಿರು ಸರದಿ ಹಾಕಿಕೊಳ್ಳುತ್ತೇವೆ ಅಂದಿದ್ದಾರೆ. ಅದಕ್ಕೆ ಕೂಲಿ ಗೊತ್ತುಮಾಡಿ ಅಂದಾಜಿಗೆ ಸೇರಿಸಬೇಕು. ಹೆಂಗಸರ ಕೆಲಸ ಪುಕ್ಕಟೆ ಅಂತ ಬಿಡುವುದು ಲೆಕ್ಕವಲ್ಲ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಹಿರಿಯರು ಈಗಾಗಲೇ ನೆನೆದರು. ಅಂದಿನಿಂದಲೂ ಸಂಘದ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು ಅನ್ನುವುದು ಪದ್ಧತಿ. ಅದಕ್ಕೇ ಈ ನೆಲದ ಅಂದಾಜನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ದಪ್ಪ, ಮಿಶ್ರಣ, ಸೋಲಿಂಗ್, ಹಾಳೆ, ಭಾಗಗಳು, ನೀರುಣಿಸುವ ದಿನ, ತೆರಿಗೆ, ಎಲ್ಲಕ್ಕೂ ಒಂದೊಂದು ಸಾಲು ಇದೆ, ದರದ ಜಾಗ ಖಾಲಿ ಇದೆ. ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿ, ಮೂವರು ಕಂಟ್ರಾಕ್ಟರಿಗೂ ಅದೇ ಹಾಳೆ ಕೊಟ್ಟು ತುಂಬಿಸಿಕೊಂಡು ಬನ್ನಿ. ಸೋಲಿಂಗ್ ಮುಗಿದ ದಿನ ಹೇಳಿ ಕಳಿಸಿದರೆ ನಾನೇ ಟ್ಯೂಬ್ ಲೆವೆಲ್ ಹಿಡಿದು ಬೆಳಗಿನ ಬಸ್ಸಿಗೆ ಬರುತ್ತೇನೆ, ಆ ಒಂಬತ್ತು ಜಾಗ ನಾವೆಲ್ಲ ಸೇರಿ ಅಳೆಯೋಣ. ಈಗ ಪ್ರಶ್ನೆ ಇದ್ದವರು ಊಟದ ಹೊತ್ತಿನಲ್ಲಿ ಕೇಳಿ, ಅಡಿಗೆಯವರು ಆಗಲೇ ಎರಡು ಸಲ ಇಣುಕಿ ನೋಡಿದರು.